ನಾಲೆ ಏರಿ ಹಿಡಿದು ಫ್ರಾನ್ಸ್: ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಎರಡು ಸಂಚಿಕೆ ಹಿಂದೆ, ಫ್ರಾನ್ಸ್‌ನ ವಾಯವ್ಯ ಮೂಲೆಯ ಬ್ರಿಟನಿ ಪ್ರಾಂತ್ಯದಲ್ಲಿ ಕಾಲುವೆ ದಂಡೆಯ ಮೇಲೆ ಒಂಬತ್ತು ದಿನ ಸೈಕಲ್ ತುಳಿದೆ ಅಂತ ಈ ಅಂಕಣದಲ್ಲಿ ಬರೆದಿದ್ದೆ. ಬರೆದದ್ದು ಮೂರೇ ಸಾಲು. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಅರ್ಧ ಕರ್ನಾಟಕ ಹ್ಯಾಂಡಲ್ ಹಿಡಿದು ಕಾಯುತ್ತಾ ಕೂತಿದೆಯೇನೋ ಅನ್ನಿಸಿತು. ಹಾಗಾಗಿ ಈ ಸಲ ಬೇರೆ ವಿಷಯ ಇಲ್ಲ. ಕಾರು, ಲಾರಿ ಇಲ್ಲದ, ಸೈಕಲ್‌ನವರು ಗ್ರ್ಯಾವೆಲ್ ಅನ್ನುವ ಮಣ್ಣುದಾರಿ ಮಾತ್ರ.

ನನಗೆ 58, ಹೆಂಡತಿಗೆ 54. ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟದ ಬುಡದ ತನಕ ಸೈಕಲ್‌ನಲ್ಲಿ ಹೋಗಿ ಬರುತ್ತೇವೆ. ಬೆಟ್ಟ ಹತ್ತುವುದಿಲ್ಲ. ಟೀವಿಯಲ್ಲಿ ನೋಡಿದರೆ ಫ್ರಾನ್ಸ್‌ನಲ್ಲಿ ಸೈಕಲ್ ಅಂದ್ರೆ ಬರೀ ಬೆಟ್ಟ. ಏರೂ ಇಲ್ಲದ, ವಾಹನವೂ ಇಲ್ಲದ ದಾರಿ ಇದೆಯಾ? — ಓದುಗರು, ಮೈಸೂರು

ಇದೆ ಸಾರ್, ಬೇಕಾದಷ್ಟು ಇದೆ. ಟೀವಿಯವರು ತೋರಿಸುವುದು ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು, ಅದರಲ್ಲೂ ಬೆಟ್ಟದ ದಿನಗಳನ್ನೇ ಜಾಸ್ತಿ. ಆ ದೇಶದ ಸಾಮಾನ್ಯ ಜನ ರಜೆಯಲ್ಲಿ ಸೈಕಲ್ ತುಳಿಯುವುದು ಬೇರೆ ಕಡೆ. ಹಳೆಯ ಕಾಲುವೆಗಳ ದಂಡೆ, ಹಳಿ ಕಿತ್ತು ಹಾಕಿದ ರೈಲು ದಾರಿ, ಇವೆರಡೇ ನಿಮಗೆ ಸರಿ. ನೀರೂ ರೈಲೂ ಕಡಿದಾದ ಏರು ಹತ್ತುವುದಿಲ್ಲ, ಆದ್ದರಿಂದ ಅವುಗಳ ಪಕ್ಕ ಹೋಗುವ ನೀವೂ ಹತ್ತಬೇಕಾಗಿಲ್ಲ.

ನಾನು ಹೋದದ್ದು ನಾಂತ್–ಬ್ರೆಸ್ಟ್ ಕಾಲುವೆ. ಉದ್ದ ಸುಮಾರು 360 ಕಿ.ಮೀ. ಇದು ಹುಟ್ಟಿದ್ದು ಯುದ್ಧದಿಂದ. ಬ್ರೆಸ್ಟ್ ಫ್ರಾನ್ಸ್‌ನ ದೊಡ್ಡ ನೌಕಾ ಬಂದರು. ಇಂಗ್ಲಿಷರ ಹಡಗುಗಳು ಸಮುದ್ರದಲ್ಲಿ ಅದಕ್ಕೆ ಅಡ್ಡ ನಿಂತುಬಿಟ್ಟಿದ್ದವು, ಸಾಮಾನು ಸಾಗಿಸುವುದೇ ಕಷ್ಟವಾಯಿತು. ಸಮುದ್ರದ ಸಹವಾಸವೇ ಬೇಡ, ಒಳನಾಡಿನಲ್ಲೇ ನೀರಿನ ದಾರಿ ಮಾಡೋಣ ಅಂತ ನೆಪೋಲಿಯನ್ ತೀರ್ಮಾನಿಸಿದ. 1811ರಲ್ಲಿ ಕೆಲಸ ಶುರುವಾಯಿತು. ದೋಣಿಗಳಿಗೆ ಪೂರ್ತಿ ತೆರೆದದ್ದು 1842ರಲ್ಲಿ. ಅಷ್ಟು ಹೊತ್ತಿಗೆ ನೆಪೋಲಿಯನ್ ಸತ್ತು ಇಪ್ಪತ್ತು ವರ್ಷ ಕಳೆದಿತ್ತು, ಇಂಗ್ಲಿಷರ ಜೊತೆ ಯುದ್ಧವೂ ಮುಗಿದಿತ್ತು. ಯಾರಿಗಾಗಿ ತೋಡಿದರೋ ಅವರು ಯಾರೂ ಇಲ್ಲ, ಕಾಲುವೆ ಮಾತ್ರ ಉಳಿಯಿತು. ನಮ್ಮಲ್ಲೂ ಕೆಲವು ಯೋಜನೆಗಳು ಹೀಗೇ ಅಲ್ವಾ?

ದೋಣಿಗಳನ್ನು ಆಗ ಕುದುರೆಗಳು ಎಳೆಯುತ್ತಿದ್ದವು, ಕೆಲವು ಕಡೆ ಮನುಷ್ಯರೇ ಎಳೆಯುತ್ತಿದ್ದರು. ಅವು ನಡೆಯಲು ಬಿಟ್ಟ ದಂಡೆಯೇ ಈಗ ಸೈಕಲ್ ದಾರಿ. ಏರು ಬಂದ ಕಡೆ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ್ದಾರೆ. ಒಂದೊಂದು ಮೆಟ್ಟಿಲಿಗೂ ಎರಡು ಬಾಗಿಲಿನ ಒಂದು ಕಲ್ಲಿನ ತೊಟ್ಟಿ, ಅದಕ್ಕೆ ಲಾಕ್ ಅನ್ನುತ್ತಾರೆ. ಈ ಕಾಲುವೆಗೆ ಅಂಥವು 230ಕ್ಕೂ ಹೆಚ್ಚು. ಹೆಚ್ಚಿನವುಗಳ ಪಕ್ಕ ಕಾವಲಿನವರ ಪುಟ್ಟ ಮನೆ, ಗೋಡೆಯ ಮೇಲೆ ನಂಬರು, ಕಿಟಕಿಯಲ್ಲಿ ಜೆರೇನಿಯಂ ಹೂವಿನ ಕುಂಡ. ಸೈಕಲ್‌ನವರಿಗೆ ಏರು ಅಂದರೆ ಲಾಕ್ ಪಕ್ಕದ ಐವತ್ತು ಹೆಜ್ಜೆ ಅಷ್ಟೇ. ನಿಮ್ಮ ಮನೆ ಮುಂದಿನ ಹಂಪ್ ಇದಕ್ಕಿಂತ ಕಷ್ಟ.

ಪೂರ್ತಿ ಮಾಡಲೇಬೇಕು ಅಂತೇನಿಲ್ಲ. ಪ್ಯಾರಿಸ್‌ನಿಂದ ರೈಲಿನಲ್ಲಿ ರದೋಂ ಊರಿಗೆ ಬನ್ನಿ. ಅಲ್ಲಿಂದ ಕಾಲುವೆ ಹಿಡಿದು ಜೊಸ್ಲಾಂ ತನಕ ಹೋಗಿ. ಸುಮಾರು 65 ಕಿ.ಮೀ., ಮಧ್ಯೆ ಮಾಲೆತ್ರುವಾ ಅನ್ನುವ ಹಳೆಯ ಊರಿನಲ್ಲಿ ಒಂದು ರಾತ್ರಿ. ಇಲ್ಲಿ ಕಾಲುವೆ ಅಂದರೆ ಊಸ್ತ್ ಅನ್ನುವ ನದಿಯೇ, ಅದನ್ನು ಕಟ್ಟಿ ಪಳಗಿಸಿದ್ದಾರೆ. ಜೊಸ್ಲಾಂ ಬಂದಾಗ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಕೋಟೆಯ ಮೂರು ದುಂಡು ಗೋಪುರಗಳು ನೀರಿನ ಮೇಲೇ ಎದ್ದು ನಿಲ್ಲುತ್ತವೆ. ಆ ಕೋಟೆಯಲ್ಲಿ ಈಗಲೂ ರೋಆಂ ವಂಶದವರು ವಾಸವಾಗಿದ್ದಾರೆ. ಒಂದು ದಿನ ಸುಮ್ನೆ ಕೂತು, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಅದೇ ದಾರಿ ಬೇಜಾರು ಅನ್ನಬೇಡಿ, ಬೆಳಕು ಬೇರೆ ಕಡೆಯಿಂದ ಬೀಳುವಾಗ ದಾರಿಯೂ ಬೇರೆಯದೇ.

ಗ್ರ್ಯಾವೆಲ್ ಅಂದರೆ ಜಲ್ಲಿ ತಾನೇ? ಜಲ್ಲಿ ಮೇಲೆ ಸೈಕಲ್ ಹೇಗ್ರೀ ಓಡುತ್ತೆ? — ಓದುಗರು, ದಾವಣಗೆರೆ

ಟಾರು ಹಾಕುವ ಮೊದಲು ನಮ್ಮಲ್ಲಿ ಸುರಿದು ಹೋಗುತ್ತಾರಲ್ಲ, ಆರು ತಿಂಗಳಾದರೂ ವಾಪಸ್ ಬರುವುದಿಲ್ಲವಲ್ಲ, ಆ ಜಲ್ಲಿ ಅಲ್ಲ. ಇದು ಗರಸು ಮಣ್ಣಿನ ರಸ್ತೆ. ಮರಳು, ಕಲ್ಲುಪುಡಿ ಹಾಕಿ ರೋಲರ್‌ನಲ್ಲಿ ಗಟ್ಟಿ ಮಾಡಿದ್ದು. ಒಣಗಿದ್ದಾಗ ಚಕ್ರದ ಕೆಳಗೆ ಸಣ್ಣಗೆ ಚರಚರ ಅನ್ನುತ್ತದೆ, ಹುರಿಗಡಲೆ ಜಗಿದ ಹಾಗೆ. ಎರಡನೇ ದಿನದ ಹೊತ್ತಿಗೆ ಆ ಶಬ್ದ ನಿಂತರೆ ಏನೋ ಕಳೆದುಕೊಂಡ ಹಾಗಾಗುತ್ತದೆ.

ಮಳೆ ಬಂದರೆ ಮಾತ್ರ ಕಥೆ ಬೇರೆ. ಕಲ್ಲುಪುಡಿ ನೀರಿನ ಜೊತೆ ಸೇರಿ ದೋಸೆ ಹಿಟ್ಟಿನಂತೆ ಆಗುತ್ತದೆ. ಅದು ಚೈನು, ಬ್ರೇಕು, ಬೆನ್ನು, ನೀರಿನ ಬಾಟಲಿಯ ಮೂತಿ ಎಲ್ಲದಕ್ಕೂ ಹಾರಿ ಕೂರುತ್ತದೆ. ಒಣಗಿದ ಮೇಲೆ ಚೈನು ಮರಳು ಕಾಗದದಂತೆ ತಿರುಗುತ್ತದೆ. ನಾನು ಮೊದಲ ಮಳೆಯ ಸಂಜೆ ಸುಸ್ತಾಗಿದೆ ಅಂತ ಹಾಗೇ ಮಲಗಿದೆ. ಬೆಳಿಗ್ಗೆ ಗೇರ್ ಬದಲಿಸಿದರೆ ಅಳುವ ಮಗುವಿನ ಥರ ಸದ್ದು. ಆಮೇಲೆ ರಾತ್ರಿ ಊಟಕ್ಕೆ ಮೊದಲು ಚೈನಿನ ಸೇವೆ, ನಂತರ ನನ್ನದು. ಒಂದು ಹಳೇ ಬನೀನು, ಹಳೇ ಟೂತ್‌ಬ್ರಷ್, ಸಣ್ಣ ಬಾಟಲಿ ಎಣ್ಣೆ ಇಟ್ಟುಕೊಳ್ಳಿ. ಮೂರೂ ಸೇರಿ ನೂರು ಗ್ರಾಂ ಇಲ್ಲ.

ಟೈರು 38ರಿಂದ 45 ಮಿ.ಮೀ. ಅಗಲ ಇದ್ದರೆ ಸಾಕು. ಗಾಳಿ ಕಲ್ಲಿನಂತೆ ತುಂಬಿಸಬೇಡಿ, ನಮ್ಮ ಪಂಕ್ಚರ್ ಅಂಗಡಿಯವರಿಗೆ ಅದೊಂದು ಚಟ. 70 ಕಿಲೋ ಇರುವವರು 40 ಮಿ.ಮೀ. ಟೈರಿಗೆ 35–40 ಪಿಎಸ್‌ಐ ಹಾಕಿಕೊಂಡರೆ ಮಣಿಕಟ್ಟು ನಿಮಗೆ ಕೈ ಮುಗಿಯುತ್ತದೆ.

ಫೋಟೋದಲ್ಲಿ ನೋಡುತ್ತೇವಲ್ಲ, ಎರಡೂ ಕಡೆ ದೊಡ್ಡ ಮರ, ನಡುವೆ ಹಸಿರು ನೀರು, ಅದು ಕನಾಲ್ ದು ಮಿದಿ ಅಂತೆ. ನನಗೆ ಅಲ್ಲೇ ಹೋಗಬೇಕು. ನೀವು ಬೇರೆ ಯಾವುದೋ ಹೇಳ್ತಿದ್ದೀರಿ. — ಓದುಗರು, ಬೆಂಗಳೂರು

ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಫೋಟೋ ಯಾವ ವರ್ಷದ್ದು ಅಂತ ನೋಡಿಕೊಳ್ಳಿ.

ಕನಾಲ್ ದು ಮಿದಿ ನಾಂತ್–ಬ್ರೆಸ್ಟ್‌ಗಿಂತ ಬಹಳ ಹಳೆಯದು. 1666ರಿಂದ 1681ರ ತನಕ ಕಟ್ಟಿದ್ದು, ಟುಲೂಸ್‌ನಿಂದ ಮೆಡಿಟರೇನಿಯನ್ ಕಡೆಗೆ 240 ಕಿ.ಮೀ. ಕಟ್ಟಿಸಿದ ಪಿಯೆರ್ ಪೌಲ್ ರಿಕೆ ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಮನುಷ್ಯ. ಸ್ವಂತ ಹಣವನ್ನೂ ಇದಕ್ಕೇ ಸುರಿದ, ಕೊನೆಗೆ ಕಾಲುವೆ ತೆರೆಯುವ ಕೆಲವೇ ತಿಂಗಳ ಮೊದಲು, 1680ರಲ್ಲಿ ಸತ್ತ. 1996ರಲ್ಲಿ ಕಾಲುವೆ ಯುನೆಸ್ಕೋ ಪಟ್ಟಿಗೆ ಸೇರಿತು.

ಆ ಮರಗಳಿವೆಯಲ್ಲ, ಪ್ಲೇನ್ ಮರಗಳು, ಸುಮಾರು 42,000 ಇದ್ದವು. ಒಂದು ಬೂಷ್ಟು ರೋಗ ಹಿಡಿದಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಬಂದು ಫ್ರಾನ್ಸ್ ಸೇರಿತು ಎನ್ನುತ್ತಾರೆ. ಈ ಕಾಲುವೆಯ ಮೇಲೆ ಕಂಡದ್ದು 2006ರಲ್ಲಿ. ಔಷಧಿ ಇಲ್ಲ. ರೋಗ ಬಂದ ಮರವನ್ನು ಕಡಿದು ಅಲ್ಲೇ ಸುಡುತ್ತಾರೆ, ಬೇರೆ ಜಾತಿಯ ಸಸಿ ನೆಡುತ್ತಾರೆ. ಹೀಗೆ ಸಾವಿರಾರು ಹೋಗಿವೆ. ಬೋಳಾದ ಕಡೆ ಆಗಸ್ಟ್ ಬಿಸಿಲು ರಾಯಚೂರಿನ ಏಪ್ರಿಲ್ ನೆನಪಿಸುತ್ತದೆ.

ಇನ್ನೊಂದು ವಿಷಯ. ಟುಲೂಸ್‌ನಿಂದ ಮೊದಲ 50 ಕಿ.ಮೀ. ಟಾರು, ಬೆಣ್ಣೆ. ಅದಾದ ಮೇಲೆ ದಾರಿ ಊರೂರಿಗೆ ಬದಲಾಗುತ್ತದೆ. ಮರದ ಬೇರುಗಳು ಅಡ್ಡಡ್ಡ ಎದ್ದಿರುವ ಕಾಲುದಾರಿಯೂ ಸಿಗುತ್ತದೆ, ಒಂದು ಕಡೆ ನೀರು, ಒಂದು ಕಡೆ ಮುಳ್ಳು, ನಡುವೆ ಒಂದಡಿ ಜಾಗ. ಗ್ರ್ಯಾವೆಲ್ ಅಭ್ಯಾಸ ಇದ್ದವರಿಗೆ ಅದೇ ಮಜಾ. ಆದರೆ ಬೇರು ಬೇಡ, ಮರ ಬೇಕು ಅನ್ನುವವರು ಟುಲೂಸ್‌ನಿಂದ ಇನ್ನೊಂದು ದಿಕ್ಕಿಗೆ, ಬೋರ್ಡೊ ಕಡೆಗೆ ಹೋಗುವ ಗರೋನ್ ಕಾಲುವೆ ಹಿಡಿಯಿರಿ. 193 ಕಿ.ಮೀ. ಕಾಲುವೆ, ದಂಡೆಯ ದಾರಿ ಬಹುತೇಕ ಟಾರು. ನಾಲ್ಕು ದಿನದಲ್ಲಿ ಆರಾಮಾಗಿ ಮುಗಿಯುತ್ತದೆ. ನನಗೆ ಮಾತ್ರ ಟಾರು ಬಂದ ತಕ್ಷಣ ಯಾರೋ ಆಫೀಸಿಗೆ ವಾಪಸ್ ಕರೆದ ಹಾಗೆ ಅನ್ನಿಸುತ್ತದೆ.

ನಮಗೆ ಹತ್ತು ವರ್ಷದ ಮಗಳಿದ್ದಾಳೆ. ಅವಳನ್ನೂ ಕರೆದುಕೊಂಡು ಹೋಗಬಹುದೇ? — ಓದುಗರು, ಧಾರವಾಡ

ಕರೆದುಕೊಂಡು ಹೋಗಿ, ಆದರೆ ಕಾಲುವೆ ಬೇಡ, ರೈಲು ದಾರಿ ಹಿಡಿಯಿರಿ. ಕಾಲುವೆಗೆ ಎಲ್ಲೂ ತಡೆಗೋಡೆ ಇಲ್ಲ. ಬರ್ಗಂಡಿಯಲ್ಲಿ ಜಿವ್ರಿ ಎಂಬ ಊರಿನಿಂದ ಕ್ಲ್ಯೂನಿ ತನಕ 44 ಕಿ.ಮೀ. ಹಳೆಯ ರೈಲು ದಾರಿ ಇದೆ. 1997ರಲ್ಲಿ ತೆರೆದದ್ದು, ಫ್ರಾನ್ಸ್‌ನ ಮೊಟ್ಟಮೊದಲ ಹಸಿರು ದಾರಿ ಇದೇ. ಅವರ ಭಾಷೆಯಲ್ಲಿ ವ್ವಾ ವೆರ್ತ್. ದ್ರಾಕ್ಷಿ ತೋಟಗಳ ನಡುವೆ ಹೋಗುತ್ತದೆ, ಹಳೆಯ ಸ್ಟೇಷನ್ ಕಟ್ಟಡಗಳು ಇನ್ನೂ ಇವೆ. ಟಾರು ಹಾಕಿದ್ದಾರೆ, ಮಗುವಿಗೆ ಅದೇ ಒಳ್ಳೆಯದು. ಹನ್ನೆರಡು ವರ್ಷದ ಒಳಗಿನವರಿಗೆ ಹೆಲ್ಮೆಟ್ ಅಲ್ಲಿ ಕಡ್ಡಾಯ, 2017ರಿಂದ. ದೊಡ್ಡವರಿಗೆ ಕಡ್ಡಾಯ ಅಲ್ಲ, ಆದರೆ ನೀವು ಹಾಕದೆ ಅವಳಿಗೆ ಹಾಕು ಅಂದರೆ ಕೇಳುತ್ತಾಳಾ?

ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹಳ್ಳಿಗಾಡಿನಲ್ಲಿ ಏನು ತಿನ್ನುವುದು? — ಓದುಗರು, ಉಡುಪಿ

ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಕಷ್ಟ ಇದೆ, ಆದರೆ ಉಪವಾಸ ಬೀಳುವುದಿಲ್ಲ.

ಬ್ರಿಟನಿಯಲ್ಲಿ ನಿಮ್ಮನ್ನು ಕಾಪಾಡುವುದು ಗಲೆತ್ ಅನ್ನುವ ಅಲ್ಲಿನ ದೋಸೆ. ಹುರುಳಿ ಅಲ್ಲ, ಗೋಧಿಯೂ ಅಲ್ಲ, ಬಕ್‌ವೀಟ್ ಎಂಬ ಕಪ್ಪು ಕಾಳಿನ ಹಿಟ್ಟು. ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟೂ ಹಿಟ್ಟು ಇದೇ. ಹಿಟ್ಟು, ನೀರು, ಉಪ್ಪು ಕಲಸಿ ದೊಡ್ಡ ದುಂಡು ಕಾವಲಿಯ ಮೇಲೆ ಸುರಿದು, ಮರದ ಸಣ್ಣ ಕೋಲಿನಿಂದ ಒಂದೇ ಸುತ್ತಿಗೆ ಎಳೆಯುತ್ತಾರೆ. ಅಂಚು ಗರಿಗರಿ, ನಡುವೆ ತೂತು ತೂತು, ಬಣ್ಣ ರಾಗಿ ದೋಸೆಯದು. ಮೊದಲ ದಿನ ನಾನು ಕಾವಲಿ ಮುಂದೆ ನಿಂತು ನೋಡುತ್ತಾ ಇದ್ದರೆ, ಹುಯ್ಯುತ್ತಿದ್ದ ಹೆಂಗಸು ಕೋಲನ್ನು ನನ್ನ ಕೈಗೇ ಕೊಟ್ಟರು. ನಾನು ದೋಸೆ ಹುಯ್ಯುವ ಹಾಗೆ ನಡುವಿನಿಂದ ಹೊರಕ್ಕೆ ಸುತ್ತಿದೆ, ಹಿಟ್ಟು ಹರಿದು ಕರ್ನಾಟಕದ ನಕಾಶೆ ಆಯಿತು. ಅವರಿಗೆ ನಗು ತಡೆಯಲಾಗಲಿಲ್ಲ. ದುಡ್ಡು ಮಾತ್ರ ಪೂರ್ತಿ ತಗೊಂಡರು.

ಮಾಮೂಲಿ ಗಲೆತ್‌ನಲ್ಲಿ ಹಂದಿ ಮಾಂಸ, ಮೊಟ್ಟೆ, ಚೀಸ್ ಮೂರೂ ಇರುತ್ತದೆ. ಮೊದಲೆರಡು ಬೇಡ ಅನ್ನಲು ‘ಸಾಂ ಜಾಂಬೋಂ, ಸಾಂ ಅಫ್’ ಅಂತ ಹೇಳಿ. ಕೆಲವರು ಹಿಟ್ಟಿಗೇ ಮೊಟ್ಟೆ ಹಾಕುತ್ತಾರೆ, ಕೇಳಿಕೊಳ್ಳಿ. ಅಣಬೆ, ಈರುಳ್ಳಿ, ಬೆಣ್ಣೆ ಹಾಕಿಸಿಕೊಂಡರೆ ಹೊಟ್ಟೆ ತುಂಬುತ್ತದೆ. ಚೀಸ್ ವಿಷಯದಲ್ಲಿ ಒಂದು ಮಾತು: ಅಲ್ಲಿನ ಅನೇಕ ಹೆಸರಾಂತ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನಂಥ ಎಳೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕೊಂತೆ, ರೋಕ್‌ಫೋರ್ ಎರಡೂ ಹಾಗೇ. ಗೊತ್ತಿರಲಿ ಅಂತ ಹೇಳಿದೆ, ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಜವಾದ ತೊಂದರೆ ಸಸ್ಯಾಹಾರ ಅಲ್ಲ, ಗಡಿಯಾರ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ 12ರಿಂದ 2ರ ತನಕ ಬಾಗಿಲು ಹಾಕುತ್ತವೆ, ಕೆಲವು ಇನ್ನೂ ಜಾಸ್ತಿ ಹೊತ್ತು. ಭಾನುವಾರ ಮಧ್ಯಾಹ್ನದ ಮೇಲೆ ಊರೇ ಮಲಗಿರುತ್ತದೆ. ಸೋಮವಾರ ಬೇಕರಿಗೂ ರಜೆ ಇರುವುದು ಮಾಮೂಲು. ಅಂದರೆ ಭಾನುವಾರ ಒಂದು ಗಂಟೆಗೆ ನಿಮ್ಮ ಚೀಲದಲ್ಲಿ ಬ್ರೆಡ್ ಇಲ್ಲದಿದ್ದರೆ ಮಂಗಳವಾರ ಬೆಳಿಗ್ಗೆ ತನಕ ಬಿಸ್ಕತ್ತೇ ಗತಿ. ನನಗೆ ಹೀಗಾಯಿತು. ಒಂದು ಸೋಮವಾರ ಮೂರು ಊರು ದಾಟಿದೆ, ಮೂರರಲ್ಲೂ ಬೇಕರಿಯ ಕಬ್ಬಿಣದ ಪರದೆ ಇಳಿದಿತ್ತು. ಮಧ್ಯಾಹ್ನದ ಊಟ ಅಂದರೆ ಲಾಕ್ ಕಟ್ಟೆಯ ಮೇಲೆ ಕೂತು, ನಿನ್ನೆಯ ಒಣ ಬಗೆತ್ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಅದರ ಮೇಲೆ ನಮ್ಮಮ್ಮ ಕಟ್ಟಿಕೊಟ್ಟ ಚಟ್ನಿಪುಡಿ. ಆ ದಿನದ್ದು ಮರೆಯುವ ಊಟ ಅಲ್ಲ. ಚಟ್ನಿಪುಡಿ ಅರ್ಧ ಕಿಲೋ ತಗೊಂಡು ಹೋಗಿ.

ಪಾಲ್ ದ ವಿವಿ ಅಂತ ಒಬ್ಬರಿದ್ದರು, 1853ರಿಂದ 1930ರ ತನಕ ಬದುಕಿದವರು, ವೆಲೋಸಿಯೋ ಅಂತಲೇ ಹೆಸರುವಾಸಿ. ಫ್ರಾನ್ಸ್‌ನಲ್ಲಿ ಸೈಕಲ್ ಪ್ರವಾಸದ ಹುಚ್ಚು ಹಿಡಿಸಿದವರಲ್ಲಿ ಅವರೇ ಮುಂದು. ಹಸಿವಾಗುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ ಎಂಬುದು ಅವರ ಬುದ್ಧಿಮಾತು. ಅವರೂ ಸಸ್ಯಾಹಾರಿಯೇ.

ಕುಡಿಯುವ ನೀರು? — ಓದುಗರು, ಕೊಪ್ಪಳ

ಸ್ಮಶಾನಕ್ಕೆ ಹೋಗಿ. ತಮಾಷೆ ಅಲ್ಲ. ಅಲ್ಲಿ ಪ್ರತಿ ಹಳ್ಳಿಯ ಸಮಾಧಿ ಆವರಣದಲ್ಲಿ ಹೂವಿಗೆ ನೀರು ಹಾಕಲು ಒಂದು ನಲ್ಲಿ ಇರುತ್ತದೆ, ಸೈಕಲ್‌ನವರೆಲ್ಲ ಅಲ್ಲೇ ಬಾಟಲಿ ತುಂಬಿಸುತ್ತಾರೆ. ಸಾಮಾನ್ಯವಾಗಿ ಊರಿನ ಕುಡಿಯುವ ನೀರೇ ಇರುತ್ತದೆ. ‘ನೋಂ ಪೊತಾಬ್ಲ್’ ಅಂತ ಬೋರ್ಡಿದ್ದರೆ ಮುಟ್ಟಬೇಡಿ. ಮೊದಲ ಸಲ ಮುಜುಗರ ಆಗುತ್ತದೆ, ಮೂರನೇ ದಿನ ಚರ್ಚಿನ ಗೋಪುರ ಕಂಡರೆ ಬಾಯಿ ಒಣಗಲು ಶುರು.

ಒಂಟಿ ಹೆಣ್ಣುಮಕ್ಕಳು ಹೋಗಬಹುದಾ? ಕೇಳಲು ಸಂಕೋಚ, ಆದರೂ ಕೇಳುತ್ತೇನೆ, ಟಾಯ್ಲೆಟ್? — ಓದುಗರು, ಸಾಗರ

ಸಂಕೋಚ ಯಾಕಮ್ಮಾ, ಮೊದಲು ಕೇಳಬೇಕಾದ್ದೇ ಇದು. ಒಂಬತ್ತು ದಿನದಲ್ಲಿ ಐದು ದಿನ ನಾನು ಒಬ್ಬಳೇ ಇದ್ದೆ. ಒಂಟಿಯಾಗಿ ಟೆಂಟು ಕಟ್ಟಿಕೊಂಡು ಹೊರಟ ಹೆಂಗಸರು ದಿನಕ್ಕೊಬ್ಬರಾದರೂ ಎದುರಾದರು, ಅರವತ್ತು ದಾಟಿದವರೂ ಇದ್ದರು. ದಾರಿಯಲ್ಲಿ ಯಾರೂ ಹಿಂದೆ ಬಿದ್ದಿಲ್ಲ, ಯಾಕೆ ಒಬ್ಬಳೇ ಅಂತ ಕೇಳಿದ್ದೂ ಇಲ್ಲ. ಹಾಗಂತ ಎಲ್ಲೆಂದರಲ್ಲಿ ಮಲಗಬೇಡಿ. ಊರ ಪಂಚಾಯ್ತಿಯವರೇ ನಡೆಸುವ ಕ್ಯಾಂಪಿಂಗ್ ಮುನಿಸಿಪಾಲ್ ಅನ್ನುವ ಜಾಗಗಳಿರುತ್ತವೆ, ಕಡಿಮೆ ದುಡ್ಡು, ಬಿಸಿನೀರು, ಪಕ್ಕದಲ್ಲಿ ಮಕ್ಕಳಿರುವ ಸಂಸಾರ. ಕೋಣೆಯೇ ಬೇಕು ಅಂದರೆ ‘ಅಕ್ಕೇಯ್ ವೆಲೊ’ ಅನ್ನುವ ಗುರುತಿನ ಮನೆಗಳನ್ನು ಹುಡುಕಿ. ಸೈಕಲ್ ದಾರಿಯಿಂದ ಐದು ಕಿ.ಮೀ. ಒಳಗೇ ಇರಬೇಕು, ಸೈಕಲ್ ಇಡಲು ಬೀಗದ ಜಾಗ ಕೊಡಬೇಕು ಅಂತ ಆ ಗುರುತಿಗೆ ನಿಯಮ ಇದೆ. ತುರ್ತು ನಂಬರ್ 112, ನಮ್ಮಲ್ಲಿ ಇದ್ದ ಹಾಗೇ.

ಟಾಯ್ಲೆಟ್ ಊರೊಳಗೆ ಸಿಗುತ್ತದೆ, ಸಾಮಾನ್ಯವಾಗಿ ಚರ್ಚು ಅಥವಾ ಪಂಚಾಯ್ತಿ ಕಟ್ಟಡದ ಹತ್ತಿರ. ಪೇಪರ್ ಇರುತ್ತದೆ ಅಂತ ನಂಬಬೇಡಿ. ಊರಿಂದೂರಿಗೆ ಹತ್ತು ಹದಿನೈದು ಕಿ.ಮೀ. ಇರುವ ಕಡೆ ಗಿಡದ ಮರೆಯೇ. ಅಲ್ಲಿ ಎರಡು ಜಾಗ್ರತೆ. ಒಂದು, ತುರಿಕೆ ಗಿಡ ದಂಡೆಯುದ್ದಕ್ಕೂ ಇದೆ, ಕೂರುವ ಮೊದಲು ನೋಡಿ. ಇನ್ನೊಂದು, ಉಣುಗು. ಸಾಗರದವರಿಗೆ ಉಣುಗಿನ ಬಗ್ಗೆ ನಾನು ಪಾಠ ಹೇಳಬೇಕಾಗಿಲ್ಲ, ಅಲ್ಲಿ ಮಂಗನ ಕಾಯಿಲೆ ಇಲ್ಲ, ಲೈಮ್ ಅನ್ನುವ ಬೇರೆ ಕಾಯಿಲೆ ಇದೆ. ಸಂಜೆ ಸ್ನಾನದಲ್ಲಿ ಮಂಡಿ ಹಿಂಭಾಗ, ಸೊಂಟದ ಪಟ್ಟಿಯ ಕೆಳಗೆ ಕೈಯಾಡಿಸಿ ನೋಡಿಕೊಳ್ಳಿ.

ನನ್ನದು ಎಲೆಕ್ಟ್ರಿಕ್ ಸೈಕಲ್. ವಿಮಾನದಲ್ಲಿ ಒಯ್ಯಬಹುದೇ? — ಓದುಗರು, ಬೆಂಗಳೂರು

ಆಗುವುದಿಲ್ಲ. 160 ವ್ಯಾಟ್-ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ಜೊತೆ ಬಿಡುವುದಿಲ್ಲ, ಎಲೆಕ್ಟ್ರಿಕ್ ಸೈಕಲ್ಲಿನದು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದೇ ಇರುತ್ತದೆ. ಅಲ್ಲೇ ಬಾಡಿಗೆಗೆ ತಗೊಳ್ಳಿ. ಮಾಮೂಲಿ ಸೈಕಲ್ ಆದರೆ ರಟ್ಟಿನ ಪೆಟ್ಟಿಗೆಯಲ್ಲಿ ಹೋಗುತ್ತದೆ. ಪೆಡಲ್ ಬಿಚ್ಚುವಾಗ ಎಡಗಡೆಯದು ಉಲ್ಟಾ ತಿರುಪು, ಮರೆತು ಬಲ ಹಾಕಿದರೆ ಇನ್ನೂ ಬಿಗಿಯಾಗುತ್ತದೆ. ವಾಪಸ್ ಬರಲು ಇನ್ನೊಂದು ಪೆಟ್ಟಿಗೆ ಬೇಕು ಅನ್ನುವುದನ್ನು ಎಲ್ಲರೂ ಕೊನೆಯ ದಿನ ನೆನಪಿಸಿಕೊಳ್ಳುತ್ತಾರೆ. ಒಂದು ವಾರದ ಪ್ರವಾಸವಾದರೆ ನಾನೂ ಬಾಡಿಗೆಯ ಪರವೇ.

ಯಾವ ತಿಂಗಳು ಒಳ್ಳೆಯದು? ಎಲ್ಲಿಂದ ಎಲ್ಲಿಗೆ? ನಾನು ಪೂರ್ತಿ ಕಾಲುವೆ ಮಾಡಬೇಕು ಅಂತಿದ್ದೇನೆ. — ಓದುಗರು, ಬಳ್ಳಾರಿ

ಜೂನ್ ಅಥವಾ ಸೆಪ್ಟೆಂಬರ್. ಜೂನ್‌ನಲ್ಲಿ ಬ್ರಿಟನಿಯಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ, ತಡವಾದರೂ ಗಾಬರಿ ಇಲ್ಲ. ಆಗಸ್ಟ್‌ನಲ್ಲಿ ಇಡೀ ಫ್ರಾನ್ಸ್ ರಜೆ. ಸೆಪ್ಟೆಂಬರ್ ಕೊನೆಯಿಂದ ಬೇಟೆಯ ಕಾಲ, ಕಾಡಿನ ಒಳದಾರಿಗಳಲ್ಲಿ ‘ಶಾಸ್’ ಅಂತ ಬೋರ್ಡು ಕಂಡರೆ ಬೇರೆ ದಾರಿ ಹಿಡಿಯಿರಿ, ಅದರಲ್ಲೂ ಭಾನುವಾರ. ಬಣ್ಣದ ಅಂಗಿ ಹಾಕಿಕೊಳ್ಳಿ.

ದಿಕ್ಕು ಪಶ್ಚಿಮದಿಂದ ಪೂರ್ವಕ್ಕೆ. ಗಾಳಿ ಹೆಚ್ಚಾಗಿ ಸಮುದ್ರದ ಕಡೆಯಿಂದ ಬೀಸುತ್ತದೆ, ಬೆನ್ನಿಗೆ ಇರಲಿ. ನಾನು ಪುಸ್ತಕದಲ್ಲಿದ್ದ ಹಾಗೆ ನಾಂತ್‌ನಿಂದ ಶುರು ಮಾಡಿ ಒಂಬತ್ತು ದಿನವೂ ಗಾಳಿಯನ್ನು ಎದೆಗೆ ತಗೊಂಡೆ. ನೀವು ರೈಲಿನಲ್ಲಿ ಶಾತೋಲಾಂ ತಲುಪಿ ಅಲ್ಲಿಂದ ಹೊರಡಿ. ಮೊದಲ ದಿನಗಳು ಓನ್ ನದಿಯ ಕೊಳ್ಳ, ತುಂಬಾ ನಿರ್ಜನ. ಕಾಲುವೆಯ ತುದಿಯೆತ್ತರ ಗ್ಲೊಮೆಲ್ ಹತ್ತಿರ, 184 ಮೀಟರ್. ಅಲ್ಲಿ ಗುಡ್ಡವನ್ನೇ ಸೀಳಿ ಸುಮಾರು 3 ಕಿ.ಮೀ. ಕಂದಕ ತೋಡಿದ್ದಾರೆ. ತೋಡಿದವರು ಬ್ರೆಸ್ಟ್ ಜೈಲಿನ ಕೈದಿಗಳು, 1823ರಿಂದ 1832ರ ತನಕ. ಎರಡೂ ಕಡೆ ಎತ್ತರದ ದಿಬ್ಬ, ಮೇಲೆ ಮರಗಳು ಕೂಡಿಕೊಂಡು ಮಧ್ಯಾಹ್ನವೂ ತಂಪು. ಸೈಕಲ್ ಇಳಿದು ನಡೆದೆ. ಇಷ್ಟು ಮಣ್ಣನ್ನು ಸಲಿಕೆ, ಗಾಡಿಯಲ್ಲಿ ಹೊತ್ತು ಹಾಕಿದ್ದಾರೆ ಅಂತ ಗೊತ್ತಾದ ಮೇಲೆ ಅಲ್ಲಿ ಸ್ಪೀಡ್ ಲೆಕ್ಕ ಹಾಕಲು ಮನಸ್ಸು ಬರಲಿಲ್ಲ.

ಮುಂದೆ ಗೆರ್ಲೆದಾಂ. 1923ರಿಂದ 1930ರ ನಡುವೆ ಇಲ್ಲಿ ವಿದ್ಯುತ್ತಿಗೆ ಅಣೆಕಟ್ಟು ಕಟ್ಟಿದರು. ಕಾಲುವೆಯ ಒಂದು ತುಂಡು, 17 ಲಾಕ್‌ಗಳು, ಕಾವಲಿನವರ ಮನೆಗಳು ನೀರಿನಡಿ ಹೋದವು. ನಾಂತ್‌ನಿಂದ ಬ್ರೆಸ್ಟ್‌ಗೆ ದೋಣಿ ಹೋಗುವುದು ಅಲ್ಲಿಗೆ ನಿಂತಿತು. ಇವತ್ತಿಗೂ ಪೂರ್ತಿ ದಾರಿ ಹೋಗಬಲ್ಲವರು ನಾವು, ಸೈಕಲ್‌ನವರು, ನಡೆಯುವವರು ಮಾತ್ರ. 2015ರಲ್ಲಿ ರಿಪೇರಿಗೆ ಜಲಾಶಯ ಬರಿದು ಮಾಡಿದಾಗ ಲಾಕ್‌ಗಳೂ ಮನೆಗಳ ಗೋಡೆಗಳೂ ಕೆಸರಿನಿಂದ ಎದ್ದು ಕಂಡವು, ನೋಡಲು ಲಕ್ಷಾಂತರ ಜನ ಬಂದರು. ಹಿನ್ನೀರಿನಲ್ಲಿ ಊರು ಮುಳುಗುವುದು ಅಂದರೇನು ಅಂತ ನಮ್ಮ ಶರಾವತಿ ಕಡೆಯವರಿಗೆ ಗೊತ್ತು.

ಅಲ್ಲೇ ಪಕ್ಕದಲ್ಲಿ ಮ್ಯೂರ್ ದ ಬ್ರೆತಾನ್ಯ್ ಅನ್ನುವ ಏರು ಇದೆ, 2 ಕಿ.ಮೀ., ಟೂರ್ ಡಿ ಫ್ರಾನ್ಸ್ ಎಷ್ಟೋ ಸಲ ಬಂದಿದೆ, 2021ರ ರೇಸಿನಲ್ಲಿ ಡಚ್ ಸವಾರ ಮ್ಯಾಥ್ಯೂ ವಾನ್ ಡರ್ ಪೂಲ್ ಒಂದು ದಿನದ ಹಂತ ಗೆದ್ದದ್ದು ಇಲ್ಲೇ. ಬಳ್ಳಾರಿಯವರಿಗೆ ಬೇಕಿದ್ದರೆ ಹತ್ತಿ ಬನ್ನಿ. ಮೈಸೂರಿನ ದಂಪತಿ ಕೆಳಗೆ ಕಾಫಿ ಕುಡಿಯಲಿ. ಪೊಂಟಿವಿ ದಾಟಿ ರೋಆಂ ಅನ್ನುವ ಊರಿನ ಕಡೆಗೆ ಬರುವಾಗ 25 ಕಿ.ಮೀ.ಯೊಳಗೆ 50ಕ್ಕೂ ಹೆಚ್ಚು ಲಾಕ್‌ಗಳು, ಒಂದರ ಬೆನ್ನಿಗೆ ಇನ್ನೊಂದು.

ದಾರಿಯಲ್ಲಿ ಪಾಲಿಸಬೇಕಾದ ರೂಲ್ಸ್ ಏನಾದರೂ? — ಓದುಗರು, ತುಮಕೂರು

ನೀಲಿ ಬೋರ್ಡಿನಲ್ಲಿ ನಡೆಯುವವರು, ಸೈಕಲ್, ಕುದುರೆ ಸವಾರ ಮೂರೂ ಇದ್ದರೆ ಅದು ವ್ವಾ ವೆರ್ತ್, ಮೋಟಾರು ವಾಹನ ಬರುವಂತಿಲ್ಲ. ಗಂಟೆ, ದೀಪ ಕಡ್ಡಾಯ. ಕುದುರೆಯ ಹಿಂದಿನಿಂದ ನೀವು ಬರುವಾಗ ಗಂಟೆ ಹೊಡೆಯಬೇಡಿ, ಮಾತಾಡಿ. ಡಾಂಬರು ರಸ್ತೆ ದಾಟುವ ಕಡೆ ಕಾರು ನುಗ್ಗದಂತೆ ಮರದ ಅಡ್ಡಕಂಬ ನಿಲ್ಲಿಸಿರುತ್ತಾರೆ, ಹ್ಯಾಂಡಲ್ ತೂರಿತು, ಬ್ಯಾಗೂ ತೂರುತ್ತೆ ಅಂದುಕೊಂಡು ನಾನು ಮೊದಲ ದಿನವೇ ನೆಲ ನೋಡಿದೆ.

ಇನ್ನು ಗಾಳ ಹಾಕುವವರು. ಅವರ ಕೋಲು ನಿಮ್ಮ ಊಹೆಗಿಂತ ಬಹಳ ಉದ್ದ. ಮೀನು ಸಿಕ್ಕಾಗ ಕೋಲನ್ನು ಹಿಂದಕ್ಕೆ, ದಾರಿಗೆ ಅಡ್ಡಲಾಗಿ ಎಳೆಯುತ್ತಾರೆ. ದೂರದಿಂದಲೇ ನಿಧಾನ ಮಾಡಿ, ‘ಬೋಂಜೂರ್’ ಅನ್ನಿ. ಬೋಂಜೂರ್ ಹೇಳದೆ ಅಲ್ಲಿ ಯಾರ ಹತ್ತಿರವೂ ಏನೂ ಕೇಳಬೇಡಿ, ಅಂಗಡಿಯಲ್ಲೂ ಅಷ್ಟೇ. ಎಷ್ಟು ರೂಪಾಯಿ ಅಂತ ನೇರ ಶುರು ಮಾಡಿದರೆ ಮುಖ ಗಂಟಾಗುತ್ತದೆ.

ವೀಸಾ? — ಓದುಗರು, ಕಲಬುರಗಿ

ಷೆಂಗೆನ್ ವೀಸಾ. 180 ದಿನದಲ್ಲಿ 90 ದಿನದ ತನಕ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು. ಟೆಂಟಿನಲ್ಲಿ ಮಲಗುತ್ತೇವೆ ಅಂದರೆ ಸಾಲದು, ಯಾವ ರಾತ್ರಿ ಎಲ್ಲಿ ಅಂತ ಕಾಗದ ಕೇಳುತ್ತಾರೆ.

ಹೋಗುವ ಮೊದಲು ಇಲ್ಲೇ ಅಭ್ಯಾಸ ಮಾಡಬಹುದೇ? ನಮ್ಮೂರ ಪಕ್ಕ ವಿ.ಸಿ. ನಾಲೆ ಇದೆ. — ಓದುಗರು, ಮಂಡ್ಯ

ಅದಕ್ಕಿಂತ ಒಳ್ಳೆಯ ಜಾಗ ಯಾವುದು ಹೇಳಿ! ಏರಿ ಮೇಲಿನ ಗರಸು ದಾರಿ ಇರುವ ಕಡೆ ಬೆಳಿಗ್ಗೆ ಆರಕ್ಕೆ ಹೊರಡಿ. ಬರೀ ಸೈಕಲ್ ಬೇಡ. ಅಲ್ಲಿ ಹೊರುವಷ್ಟೇ ಭಾರವನ್ನು, ಹತ್ತು ಕಿಲೋ ಅಕ್ಕಿಯಾದರೂ ಸರಿ, ಎರಡೂ ಬ್ಯಾಗಿಗೆ ಸಮನಾಗಿ ಹಂಚಿ ಹಾಕಿಕೊಂಡು 40 ಕಿ.ಮೀ. ತುಳಿಯಿರಿ. ಮರುದಿನ ಎದ್ದು ಅದೇ ಸೀಟಿನ ಮೇಲೆ ಮತ್ತೆ 40. ಎರಡನೇ ದಿನವೂ ಕೂರಲು ಆದರೆ ನೀವು ತಯಾರು. ತಡೆಗೋಡೆ ಇಲ್ಲದ ಕಡೆ ನೀರಿನ ಅಂಚು ಬಿಟ್ಟು ಹೋಗಿ, ದಯವಿಟ್ಟು.

ಒಂದೇ ತೊಂದರೆ. ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದರೆ ನೀವು ಅಲ್ಲಿ ಎಡಕ್ಕೆ ಸರಿಯುತ್ತೀರಿ. ಫ್ರಾನ್ಸ್‌ನಲ್ಲಿ ಎದುರಿಂದ ಸೈಕಲ್ ಬಂದಾಗ ಬಲಕ್ಕೆ ಸರಿಯಬೇಕು. ನಾನು ಮೂರು ದಿನ ಎಡಕ್ಕೇ ಸರಿದೆ, ಎದುರಿನವರು ಪಾಪ ಅವರ ಬಲಕ್ಕೆ ಸರಿದರು, ಇಬ್ಬರೂ ನಿಂತು ಮುಖ ಮುಖ ನೋಡಿಕೊಂಡು ಬೋಂಜೂರ್ ಹೇಳಿದ್ದೇ ಹೇಳಿದ್ದು.